ಅರ್ಧ ಬಾಟಲಿ ಆ್ಯಪಲ್ ಸೈಡರ್ ವಿನೆಗರ್ ಉಳಿದಿದೆ: ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು?

ಪ್ರಶ್ನೆ: ಬೆಂಗಳೂರಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬಂದಿದ್ದ ಮಗಳು ಹೊರಡುವಾಗ ಅರ್ಧ ಲೀಟರಿನ ಆ್ಯಪಲ್ ಸೈಡರ್ ವಿನೆಗರ್ ಬಾಟಲಿಯೊಂದನ್ನು ನನಗಾಗಿ ಬಿಟ್ಟುಹೋದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಚಮಚ ಕುಡಿದರೆ ತೂಕ ಇಳಿಯುತ್ತದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ ಎಂದು ಅವಳು ಹೇಳಿದ್ದರಿಂದ ನಾಲ್ಕು ದಿನ ನೀರು ಬೆರೆಸದೆ ಹಾಗೆಯೇ ಕುಡಿದೆ. ಐದನೆಯ ದಿನ ಗಂಟಲು ಉರಿದು ಅನ್ನ ನುಂಗುವುದೂ ಕಷ್ಟವಾದಾಗ ನಿಲ್ಲಿಸಿದೆ. ನನಗೆ 58 ವರ್ಷ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಇದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಅಡುಗೆಮನೆಯ ಕಟ್ಟೆ. ಬಾಟಲಿಯನ್ನು ಕಡಪ ಕಲ್ಲಿನ ಮೇಲೆ ಇಟ್ಟಿದ್ದೆ. ಬಗ್ಗಿಸುವಾಗ ಅಂಚಿನಿಂದ ಇಳಿದ ಒಂದೆರಡು ಹನಿ ಬುಡದಲ್ಲಿ ನಿಂತಿರಬೇಕು. ಮರುದಿನ ಬಾಟಲಿ ಎತ್ತಿದಾಗ ಕಪ್ಪು ಕಲ್ಲಿನ ಮೇಲೆ ಬಳೆಯಷ್ಟು ಅಗಲದ ಬೂದುಬಣ್ಣದ ಉಂಗುರ ಮೂಡಿತ್ತು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಒದ್ದೆಯಾದಾಗ ಮಾಯವಾಗುತ್ತದೆ, ಒಣಗಿದ ಕೂಡಲೇ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆರಳಾಡಿಸಿದರೆ ಅಷ್ಟು ಭಾಗ ಮಾತ್ರ ಒರಟಾಗಿದೆ. ಕಲ್ಲೇ ಕಳಪೆಯದೋ, ವಿನೆಗರ್ ಅಷ್ಟು ತೀಕ್ಷ್ಣವೋ ತಿಳಿಯುತ್ತಿಲ್ಲ.

ನಮ್ಮದು ಬೋರ್‌ವೆಲ್ ನೀರು. ಕರೆಂಟ್ ಕೆಟಲಿನ ತಳದಲ್ಲಿ ಸುಣ್ಣ ಗಟ್ಟಿಯಾಗಿ ಕಟ್ಟಿದೆ, ನಲ್ಲಿಗಳ ಬಾಯಿ ಬೆಳ್ಳಗಾಗಿದೆ, ತಲೆಕೂದಲು ನಾರಿನಂತಾಗಿದೆ. ಉಳಿದ ವಿನೆಗರನ್ನು ಇವುಗಳಿಗೆ ಬಳಸಬಹುದೇ? ಬಾಟಲಿಯೊಳಗೆ ಲೋಳೆಯಂಥ ಪೊರೆಯೊಂದು ತೇಲುತ್ತಿದೆ. ಅದು ಕೆಟ್ಟಿರುವುದರ ಗುರುತೇ? ಚೆಲ್ಲಲು ಮನಸ್ಸು ಬಾರದೆ ಕೇಳುತ್ತಿದ್ದೇನೆ.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ತಾಯಿ, ನಿಮ್ಮ ಕಲ್ಲು ಕಳಪೆಯದಲ್ಲ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಹಾಗೆಯೇ. ಅಂಗಡಿಯಲ್ಲಿ ಸಿಗುವ ವಿನೆಗರ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದು ಪಾಲಿನಷ್ಟು ಅಸಿಟಿಕ್ ಆಮ್ಲವಿರುತ್ತದೆ. ಆ ಆಮ್ಲವು ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತದೆ. ಆದ್ದರಿಂದ ನೀವು ನೋಡುತ್ತಿರುವುದು ಕಲ್ಲಿನ ಮೇಲೆ ಅಂಟಿದ ಕಲೆಯಲ್ಲ, ಕಲ್ಲಿನ ನುಣುಪಾದ ಮೇಲ್ಮೈಯೇ ಸವೆದುಹೋಗಿರುವ ಜಾಗ. ಅದಕ್ಕಾಗಿಯೇ ಉಜ್ಜಿದರೆ ಹೋಗುವುದಿಲ್ಲ, ನೀರು ಬಿದ್ದಾಗ ಮಾತ್ರ ಮರೆಯಾಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೆ ಕೆಲವು ದಿನ ಕಪ್ಪಾಗಿಯೇ ಕಾಣುತ್ತದೆ. ಪೂರ್ತಿ ಸರಿಯಾಗಬೇಕಾದರೆ ಪಾಲಿಶ್ ಮಾಡುವವರನ್ನೇ ಕರೆಸಬೇಕು. ಅಮೃತಶಿಲೆ, ಮೊಸಾಯಿಕ್, ರೆಡ್ ಆಕ್ಸೈಡ್ ನೆಲ ಇವುಗಳಿಗೂ ಇದೇ ಅಪಾಯವಿದೆ. ಗ್ರಾನೈಟ್ ಇಷ್ಟು ಬೇಗ ಮಣಿಯುವುದಿಲ್ಲ. ನೆಲ ಒರೆಸುವ ನೀರಿಗೆ ವಿನೆಗರ್ ಹಾಕಿ ಎಂದು ಸಲಹೆ ಕೊಡುವವರು ನೆಲ ಯಾವುದರದು ಎಂದು ಕೇಳುವುದೇ ಇಲ್ಲವೆಂಬುದು ನನಗೆ ಬೇಸರದ ಸಂಗತಿ.

ಕಟ್ಟೆಯನ್ನು ಕೆಡಿಸಿದ ಈ ಗುಣವೇ ನಿಮ್ಮ ಕೆಟಲಿಗೆ ಉಪಕಾರಿ, ಏಕೆಂದರೆ ಅದರ ತಳದಲ್ಲಿ ಕಟ್ಟಿರುವ ಪದರವೂ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಪದರ ಮುಳುಗುವಷ್ಟು ವಿನೆಗರ್ ಮತ್ತು ನೀರನ್ನು ಸಮಪಾಲಾಗಿ ಹಾಕಿ ಒಂದು ಕುದಿ ಬರಿಸಿ, ಸ್ವಿಚ್ ಆರಿಸಿ ಅರ್ಧ ಗಂಟೆ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತಾ ಇರುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಚೆಲ್ಲಿದ ಮೇಲೆ ಬರಿಯ ನೀರನ್ನು ಎರಡು ಸಲ ಕುದಿಸಿ ಹೊರಹಾಕಿದರೆ ವಾಸನೆ ಉಳಿಯುವುದಿಲ್ಲ. ನಲ್ಲಿಯ ಬಾಯಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಸುತ್ತಿಟ್ಟು ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಹೊಳಪಿನ ಲೇಪಕ್ಕೆ ಹಾನಿಯಾಗಬಹುದು.

ಆದರೆ ಇಂಥ ಕೆಲಸಕ್ಕೆ ಸೇಬಿನದೇ ವಿನೆಗರ್ ಬೇಕೆಂದೇನೂ ಇಲ್ಲ. ಅಗ್ಗದ ಬಿಳಿ ವಿನೆಗರ್ ಮಾಡುವುದೂ ಅದನ್ನೇ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲ ಇನ್ನೂ ಅಗ್ಗ, ವಾಸನೆಯೂ ಇಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದಾಗ ಬರುವ ನೊರೆಯನ್ನು ಕಂಡು ಅನೇಕರು ಅದು ಬಲವಾದ ಮಾರ್ಜಕವೆಂದು ನಂಬುತ್ತಾರೆ. ವಾಸ್ತವದಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಶಮನಗೊಳಿಸಿ ಕೊನೆಗೆ ಉಪ್ಪುನೀರಿನಂಥ ದ್ರವವಷ್ಟೇ ಉಳಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣದ ಜೊತೆಗೆ ವಿನೆಗರನ್ನು ಎಂದಿಗೂ ಸೇರಿಸಬೇಡಿ. ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶಕ್ಕೆ ನಿಜವಾದ ಅಪಾಯ.

ತೇಲುತ್ತಿರುವ ಪೊರೆಯ ಬಗ್ಗೆ ಹೆದರಬೇಡಿ. ಸೇಬಿನ ರಸದ ಸಕ್ಕರೆಯನ್ನು ಮೊದಲು ಯೀಸ್ಟ್ ಮದ್ಯಸಾರವಾಗಿಸುತ್ತದೆ, ಆಮೇಲೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಹುಳಿಯಾಗಿಸುತ್ತದೆ. ಆ ಬ್ಯಾಕ್ಟೀರಿಯಾಗಳೇ ಹೆಣೆದ ಸೆಲ್ಯುಲೋಸ್ ಪೊರೆಯನ್ನು 'ಮದರ್' ಎಂದು ಕರೆಯುತ್ತಾರೆ. ಬೇಡವೆನಿಸಿದರೆ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ.

ಉತ್ತರ 2: ದಂತವೈದ್ಯೆ, ಮೈಸೂರು

ಅಮ್ಮ, ನೀರು ಬೆರೆಸದೆ ಕುಡಿಯುವುದನ್ನು ನಿಲ್ಲಿಸಿದ್ದು ಒಳ್ಳೆಯದಾಯಿತು. ಮೇಲಿನ ಹಿರಿಯರು ಕಲ್ಲಿನ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಹಲ್ಲುಗಳೇ ಕಣ್ಣಮುಂದೆ ಬಂದವು. ಹಲ್ಲಿನ ಹೊರಪದರವಾದ ಎನಾಮೆಲ್‌ನಲ್ಲಿಯೂ ಇರುವುದು ಕ್ಯಾಲ್ಸಿಯಂ ಲವಣವೇ. ಬಾಯಿಯ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ವಿನೆಗರ್‌ನ ಪಿಎಚ್ ಮೂರರ ಆಸುಪಾಸಿನಲ್ಲಿರುತ್ತದೆ. ಕಟ್ಟೆಯನ್ನು ಪಾಲಿಶ್ ಮಾಡಿಸಬಹುದು, ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹುಳಿ ಕುಡಿದ ಕೂಡಲೇ ಹಲ್ಲುಜ್ಜುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಮೆತ್ತಗಾಗಿರುವ ಪದರವನ್ನೇ ಬ್ರಷ್ ಕೆರೆದು ತೆಗೆಯುತ್ತದೆ. ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು.

ತೂಕದ ವಿಷಯಕ್ಕೆ ಬಂದರೆ, 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪ್ರಕಾಶನ ಸಂಸ್ಥೆಯಾದ ಬಿಎಂಜೆ ಸಮೂಹದ ಪತ್ರಿಕೆಯೊಂದರಲ್ಲಿ ಲೆಬನಾನಿನ 120 ಮಂದಿ ಯುವಜನರ ಮೇಲೆ 12 ವಾರ ನಡೆದ ಅಧ್ಯಯನ ಪ್ರಕಟವಾಗಿ, ದಿನಕ್ಕೊಂದು ಚಮಚದಿಂದಲೇ ತೂಕ ಗಣನೀಯವಾಗಿ ಇಳಿಯಿತೆಂಬ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಅದರ ಅಂಕಿಅಂಶಗಳು ನಂಬಲರ್ಹವಲ್ಲವೆಂದು ಕಂಡುಬಂದಾಗ 2025ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಸುದ್ದಿ ತಲುಪಿದಷ್ಟು ಜನರಿಗೆ ಹಿಂತೆಗೆತ ತಲುಪಲಿಲ್ಲ. ನಿಮ್ಮ ಮಗಳು ಪ್ರೀತಿಯಿಂದಲೇ ಹೇಳಿದ್ದಾಳೆ, ಆದರೆ ಆ ಮಾತಿನ ಕೆಳಗೆ ಗಟ್ಟಿ ನೆಲವಿಲ್ಲ. ಪಿಷ್ಟ ಹೆಚ್ಚಿರುವ ಊಟದ ಜೊತೆಗೆ ವಿನೆಗರ್ ಸೇವಿಸಿದಾಗ ಊಟದ ನಂತರದ ಸಕ್ಕರೆಯ ಏರಿಕೆ ಸ್ವಲ್ಪ ತಗ್ಗುವುದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಅದು ಮಾತ್ರೆಗೆ ಬದಲಿಯಾಗುವಷ್ಟು ದೊಡ್ಡ ಪರಿಣಾಮವಲ್ಲ.

ನೀವು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವುದರಿಂದ ಇನ್ನೊಂದು ಎಚ್ಚರಿಕೆ ಬೇಕು. ಆ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸಿ ದೇಹದ ಪೊಟ್ಯಾಸಿಯಂ ಅಂಶವನ್ನು ಇಳಿಸುತ್ತವೆ. ಹೆಚ್ಚು ವಿನೆಗರ್ ಕೂಡ ಅದನ್ನು ಇಳಿಸಬಹುದು. ಆರು ವರ್ಷ ದಿನಕ್ಕೆ 250 ಮಿಲಿಲೀಟರಿನಂತೆ ಆ್ಯಪಲ್ ಸೈಡರ್ ವಿನೆಗರ್ ಕುಡಿದ ಯುವತಿಯೊಬ್ಬಳಿಗೆ ಪೊಟ್ಯಾಸಿಯಂ ತೀರಾ ಕುಸಿದು, ಮೂಳೆಗಳೂ ಸವೆದಿದ್ದ ಪ್ರಕರಣವನ್ನು 1998ರಲ್ಲಿ ಆಸ್ಟ್ರಿಯಾದ ವೈದ್ಯರು ವರದಿ ಮಾಡಿದ್ದಾರೆ. ನಿಮ್ಮ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ, ನಿಜ. ಆದರೂ ಮತ್ತೆ ಕುಡಿಯುವ ಮನಸ್ಸಾದರೆ ಮೊದಲು ನಿಮ್ಮ ವೈದ್ಯರಿಗೆ ಮಾತ್ರೆಗಳ ಚೀಟಿ ತೋರಿಸಿ ಕೇಳಿ. ಅವರು ಒಪ್ಪಿದರೂ ದೊಡ್ಡ ಲೋಟ ನೀರಿಗೆ ಒಂದು ಸಣ್ಣ ಚಮಚದಷ್ಟು, ಅದೂ ಊಟದ ಜೊತೆಗೆ. ಗಂಟಲಿನ ಉರಿ ಇನ್ನೂ ಇದ್ದರೆ ಅದನ್ನು ತೋರಿಸಿಕೊಳ್ಳಲು ತಡ ಮಾಡಬೇಡಿ.

ಉತ್ತರ 3: ಮಂಗಳೂರಿನಿಂದ ಒಬ್ಬಳು ಅಡುಗೆಪ್ರಿಯೆ

ಅಕ್ಕಾ, ವಿನೆಗರ್ ಮೂಲತಃ ಅಡುಗೆಯ ಸಾಮಾನು ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ನಮ್ಮ ಊರಿನ ಕ್ರೈಸ್ತರ ಮನೆಗಳಲ್ಲಿ ಸೊರ್ಪೊತೆಲ್, ಇಂಡದ್ ಮುಂತಾದ ಮಾಂಸದ ಪದಾರ್ಥಗಳಿಗೆ ವಿನೆಗರ್ ಬೇಕೇ ಬೇಕು; ಹಿಂದೆ ತೆಂಗಿನ ಕಳ್ಳನ್ನು ಹುಳಿ ಬರಿಸಿ ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ನೀವು ಸಸ್ಯಾಹಾರಿಗಳಾದರೂ ಚಿಂತೆಯಿಲ್ಲ. ಸಣ್ಣ ಈರುಳ್ಳಿಯನ್ನು ಸುಲಿದು, ಉಪ್ಪು, ಎರಡು ಸೀಳಿದ ಹಸಿಮೆಣಸು, ಒಂದು ತುಂಡು ಬೀಟ್‌ರೂಟ್ ಸೇರಿಸಿ, ಗಾಜಿನ ಭರಣಿಯಲ್ಲಿ ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಮೂರನೆಯ ದಿನಕ್ಕೆ ಚಪಾತಿಯ ಜೊತೆಗೆ ಸೊಗಸಾಗಿರುತ್ತದೆ. ಹೀಗೆ ಊಟದೊಂದಿಗೆ ಚೂರು ಚೂರಾಗಿ ಹೊಟ್ಟೆಗೆ ಹೋಗುವ ಹುಳಿ ಗಂಟಲನ್ನು ಸುಡುವುದಿಲ್ಲ.

ಹಲಸು, ಮಾವಿನ ಕಾಲದಲ್ಲಿ ಹಣ್ಣಿಗೆ ಮುತ್ತುವ ಸಣ್ಣ ನುಸಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಒಂದು ಬಟ್ಟಲಿಗೆ ಎರಡು ಚಮಚ ಸುರಿದು ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಹಣ್ಣಿನ ಪಕ್ಕದಲ್ಲಿಡಿ. ಹುಳಿತ ಹಣ್ಣಿನ ವಾಸನೆಗೆ ಬಂದು ಕುಳಿತ ನುಸಿ, ಸೋಪಿನಿಂದಾಗಿ ಮೇಲೆ ನಿಲ್ಲಲಾಗದೆ ಮುಳುಗಿಬಿಡುತ್ತದೆ. ಇಲ್ಲಿ ಬಿಳಿ ವಿನೆಗರ್‌ಗಿಂತ ಸೇಬಿನದೇ ಮೇಲು, ಹಣ್ಣಿನ ಪರಿಮಳ ಅದರಲ್ಲಿದೆ. ಬಟ್ಟಲನ್ನು ಮಾತ್ರ ನಿಮ್ಮ ಕಡಪ ಕಲ್ಲಿನ ಮೇಲೆ ನೇರವಾಗಿ ಇಡಬೇಡಿ, ಕೆಳಗೊಂದು ತಟ್ಟೆ ಇರಲಿ.

ಕೂದಲಿಗೆ ನಾನು ಎರಡು ವಾರಕ್ಕೊಮ್ಮೆ ಬಳಸುತ್ತೇನೆ. ಗಡಸು ನೀರಿನಲ್ಲಿ ಸೋಪು ಬಳಸಿದರೆ ಕೂದಲಿನ ಮೇಲೆ ಸುಣ್ಣದ ಜಿಗುಟು ಕೂರುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬೆರೆಸಿ ಕೊನೆಗೆ ಹಾಕಿಕೊಂಡು, ಒಂದು ನಿಮಿಷ ಬಿಟ್ಟು, ಮತ್ತೆ ಬರಿಯ ನೀರಿನಲ್ಲಿ ತೊಳೆದರೆ ನುಣುಪಾಗುತ್ತದೆ. ನಮ್ಮ ಅಜ್ಜಿಯರ ಶೀಗೆಕಾಯಿಯೂ ಸ್ವಲ್ಪ ಹುಳಿ ಗುಣದ್ದೇ. ತಲೆಯಲ್ಲಿ ಗಾಯ ಅಥವಾ ತುರಿಕೆ ಇದ್ದರೆ ಬೇಡ, ಕಣ್ಣಿಗೂ ತಾಗಬಾರದು. ನರುಳಿ, ಮಚ್ಚೆ ಉದುರಿಸಲು ಹತ್ತಿಯಲ್ಲಿ ಅದ್ದಿ ಕಟ್ಟಿಕೊಳ್ಳಿ ಎಂಬ ವಿಡಿಯೊಗಳನ್ನಂತೂ ದಯವಿಟ್ಟು ನಂಬಬೇಡಿ; ಚರ್ಮ ಸುಟ್ಟು ಗಾಯವಾಗುತ್ತದೆ. ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣೇ ಸಾಕು. ದೋಸೆಯ ಕಬ್ಬಿಣದ ಕಾವಲಿಗೆ ವಿನೆಗರ್ ಸೋಕಿಸಿದರೆ ವರ್ಷಗಳಿಂದ ಪಳಗಿದ ಎಣ್ಣೆಪದರ ಹೋಗಿ ತುಕ್ಕು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಕೆಟಲಿಗೆ ಹಾಕಿ ನೋಡಿದೆ. ಕುದಿ ನಿಂತ ಮೇಲೂ ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು; ಅರ್ಧ ಗಂಟೆಯ ನಂತರ ಸುಣ್ಣವು ಹಪ್ಪಳದ ಚೂರುಗಳಂತೆ ಎದ್ದು ತೇಲಿತು, ಎರಡು ವರ್ಷದಿಂದ ಕಾಣದಿದ್ದ ಸ್ಟೀಲಿನ ತಳ ಕಂಡಿತು. ಮಧ್ಯದಲ್ಲೊಂದು ದಪ್ಪ ತುಂಡು ಉಳಿದಿರುವುದರಿಂದ ನಾಳೆ ನಿಂಬೆ ಉಪ್ಪು ತರಿಸಿ ಇನ್ನೊಮ್ಮೆ ಮಾಡುತ್ತೇನೆ. ಗಂಟಲಿನ ಉರಿ ಈಗ ಇಲ್ಲ, ಆದರೂ ಗುರುವಾರ ವೈದ್ಯರನ್ನು ಕಾಣಲು ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಬಾಟಲಿಯನ್ನೂ ಒಯ್ಯುತ್ತೇನೆ. ಕಟ್ಟೆಯ ಉಂಗುರಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದ್ದೇನೆ, ಸದ್ಯಕ್ಕೆ ಮರೆಯಾಗಿದೆ. ಬಾಟಲಿಯನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಕಪಾಟಿನ ಒಳಗೆ ಸೇರಿಸಿದೆ. ಈರುಳ್ಳಿ ಭರಣಿಗೆ ಹಾಕಿ ಆಗಿದೆ, ಮಗಳಿಗೆ ಅದರ ಫೋಟೊ ಕಳುಹಿಸಿದ್ದೇನೆ.