ಊರ ಹಿಂದೆ ಕಲ್ಲು ಕ್ವಾರಿ ಬರುತ್ತಂತೆ, ಸಭೆಯಲ್ಲಿ ಏನು ಕೇಳಬೇಕು?

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ. ಊರ ಹಿಂದಿನ ಗುಡ್ಡದಲ್ಲಿ ಕ್ವಾರಿಗೆ ಅರ್ಜಿ ಬಿದ್ದಿದೆ, ಮುಂದಿನ ತಿಂಗಳು ಅಹವಾಲು ಸಭೆ. ಅರ್ಧ ಊರು ಬೇಡ ಅನ್ನುತ್ತಿದೆ, ಇನ್ನರ್ಧಕ್ಕೆ ಕೆಲಸ ಸಿಗುವ ಆಸೆ. ಕ್ವಾರಿ ಪಕ್ಕ ಬದುಕಿದವರು ಇದ್ದರೆ ನಿಮ್ಮ ಅನುಭವ ಹೇಳಿ.

—

ಬೇಕಾ ಬೇಡವಾ ಅನ್ನೋದನ್ನು ಆಮೇಲೆ ನೋಡಿ. ಮೊದಲು ಫೋನ್ ಹಿಡಿದು ಮನೆಮನೆಗೆ ಹೋಗಿ ಗೋಡೆಗಳ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅವತ್ತಿನ ಪೇಪರ್ ಹಿಡಿದುಕೊಂಡು. ನಾವು ಇದನ್ನು ಮಾಡಲಿಲ್ಲ. ಬ್ಲಾಸ್ಟಿಂಗ್ ಶುರುವಾಗಿ ಮೂರನೇ ವರ್ಷ ನಮ್ಮ ಮನೆ ಮೂಲೆ ಬಿರುಕು ಬಿಟ್ಟಿತು, ದೂರು ಕೊಟ್ಟೆವು, ನೋಡಲು ಬಂದವರು ಕೇಳಿದ್ದು ಒಂದೇ ಮಾತು: ಇದು ಮೊದಲೇ ಇರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ? ನಮ್ಮ ಹತ್ತಿರ ಏನೂ ಇರಲಿಲ್ಲ. ಅಮ್ಮ ಬೇರೆ, ಪಾಪ, ಒಂದು ಬಿರುಕು ಹಳೇದೇ ಅಂತ ಅವರ ಮುಂದೆಯೇ ಹೇಳಿಬಿಟ್ಟರು! ಬೋರ್‌ವೆಲ್ ಕೂಡ ಹಾಗೆ, ನೀರು ಎಷ್ಟು ಅಡಿಗೆ ಸಿಗುತ್ತಿದೆ ಅಂತ ಈಗಲೇ ಹಗ್ಗ ಬಿಟ್ಟು ಅಳೆದು ತಾರೀಕು ಬರೆದಿಡಿ.

ಸಭೆಯಲ್ಲಿ ನಡುಕದ ಬಗ್ಗೆ ಕೇಳಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಲ್ಲಿ ಮನೆಗಳಿಗೆ ಮಿತಿ ಇದೆ, ನಡುಕದ ಬಗೆ ನೋಡಿ ನೆಲ ಅಲುಗುವ ವೇಗ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್. ಅಳೆಯುವ ಯಂತ್ರ ಎಲ್ಲಿ ಇಡುತ್ತೀರಿ, ನಮ್ಮ ಗೋಡೆ ಪಕ್ಕವೋ ನಿಮ್ಮ ಆಫೀಸಿನಲ್ಲೋ ಅಂತ ಬಿಡದೆ ಕೇಳಿ.

—

ನಮ್ಮ ಕಡೆ ರೇಷ್ಮೆ ಜಾಸ್ತಿ. ಧೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳು ಸರಿಯಾಗಿ ತಿನ್ನಲ್ಲ. ಹಾಗಂತ ಧೂಳೆಲ್ಲ ಗುಡ್ಡದಿಂದ ಬರುತ್ತೆ ಅಂದುಕೊಳ್ಳಬೇಡಿ, ನಮ್ಮಲ್ಲಿ ಮುಕ್ಕಾಲು ಭಾಗ ಟಿಪ್ಪರ್ ಓಡಾಡುವ ಮಣ್ಣಿನ ದಾರಿಯದ್ದು. ಟಾರ್ಪಾಲು ಹಾಕ್ತೀವಿ, ನೀರು ಹೊಡೀತೀವಿ ಅಂದರು. ಒಂದು ತಿಂಗಳು ಹೊಡೆದರು. ಟಿಪ್ಪರ್ ದಾರಿ ಯಾವುದು ಅಂತ ನಕ್ಷೆಯಲ್ಲಿ ತೋರಿಸಲು ಹೇಳಿ. ಕ್ರಷರ್ ಕೂಡ ಬರುತ್ತಾ ಅಂತಲೂ ಕೇಳಿ, ಅದಕ್ಕೆ 2011ರ ಬೇರೆ ಕಾಯ್ದೆ, ಬೇರೆ ಲೈಸೆನ್ಸ್.

—

ನಾನು ಆರು ವರ್ಷ ಕ್ವಾರಿಯಲ್ಲಿ ಮದ್ದು ತುಂಬಲು ಬಂಡೆಗೆ ಕುಳಿ ಹೊಡೆದವನು, ಅದಕ್ಕೇ ಎರಡು ಮಾತು. ಕೆಲಸ ಸಿಗುತ್ತೆ, ಸುಳ್ಳಲ್ಲ. ಆದರೆ ಯಂತ್ರ ಓಡಿಸುವವರು ಹೊರಗಿನಿಂದ ಬಂದರು, ನಮ್ಮೂರಿನವರಿಗೆ ಕಾವಲು, ಲೋಡಿಂಗ್, ಅಷ್ಟೇ. ಒಣ ಕುಳಿ ಹೊಡೆದರೆ ಆ ಪುಡಿ ಪುಪ್ಪಸದಲ್ಲಿ ಕೂರುತ್ತೆ, ಸಿಲಿಕೋಸಿಸ್ ಬಂದರೆ ವಾಸಿಯಾಗಲ್ಲ. ನೀರು ಬಿಟ್ಟುಕೊಂಡೇ ಕುಳಿ ಹೊಡೆಯಬೇಕು ಅಂತ ಷರತ್ತಿನಲ್ಲಿ ಬರೆಸಿ. ಮದ್ದು ಎಲ್ಲಿಡುತ್ತಾರೆ, ಯಾರು ಸಿಡಿಸುತ್ತಾರೆ ಅನ್ನೋದೂ ಮುಖ್ಯ. 2021ರ ಫೆಬ್ರವರಿಯಲ್ಲಿ ನಿಮ್ಮ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರವೇ ಅಲ್ವಾ ಜಿಲೆಟಿನ್ ಸಿಡಿದು 6 ಜನ ಸತ್ತಿದ್ದು? ಅದಕ್ಕೆ ಒಂದು ತಿಂಗಳ ಮುಂಚೆ ಶಿವಮೊಗ್ಗದ ಹುಣಸೋಡು. ಎರಡೂ ಕಡೆ ಮದ್ದು ಸಿಡಿದಿದ್ದು ಬಂಡೆಯ ಕುಳಿಯೊಳಗಲ್ಲ.

—

ಕಾಗದದ ಕೆಲಸ ನೋಡಿಕೊಂಡವನಾಗಿ ಹೇಳುತ್ತೇನೆ. ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪರಿಸರದ ಮೇಲಾಗುವ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ತೆಗೆದುಕೊಂಡು ಓದಿ. ಅದರಲ್ಲಿ ಹತ್ತಿರದ ಮನೆ ಎಷ್ಟು ದೂರ ಅಂತ ಬರೆದಿರುತ್ತಾರೆ, ನೀವೇ ಟೇಪ್ ಹಿಡಿದು ನೋಡಿ. ನಮ್ಮಲ್ಲಿ ವರದಿಯಲ್ಲಿ ಒಂದು ಕೆರೆಯೇ ಇರಲಿಲ್ಲ! ಇನ್ನೊಂದು, 5 ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 12 ಎಕರೆ 14 ಗುಂಟೆ. ಕ್ವಾರಿ ಜಾಗ ಅದಕ್ಕಿಂತ ಚಿಕ್ಕದಾದರೆ ಸಾಮಾನ್ಯವಾಗಿ ಸಭೆಯೇ ಇಲ್ಲ, ಹಾಗಾಗಿ ತುಂಡು ತುಂಡು ಮಾಡಿ ಅರ್ಜಿ ಹಾಕುವವರಿದ್ದಾರೆ. 500 ಮೀಟರ್ ಒಳಗಿನ ಲೀಸ್‌ಗಳನ್ನು ಒಟ್ಟಿಗೆ ಲೆಕ್ಕ ಹಾಕಬೇಕು. ನಿಮ್ಮಲ್ಲಿ ಸಭೆ ಇದೆ, ಅದೇ ಪುಣ್ಯ.

ಅಲ್ಲಿ ಕೈ ಎತ್ತಿಸಿ ಮತ ಹಾಕಿಸಲ್ಲ. ಕೋರಂ ಕೂಡ ಬೇಕಿಲ್ಲ, ಯಾರೂ ಹೋಗದಿದ್ದರೂ ಸಭೆ ನಡೆದಂತೆಯೇ. ಆದ್ದರಿಂದ ಕೂಗಾಡಿ ಎದ್ದು ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೊನೆಯಲ್ಲಿ ನಡಾವಳಿಯನ್ನು ಓದಿ ಹೇಳಬೇಕು, ಅಲ್ಲಿಯವರೆಗೂ ಕೂತಿರಿ. ನಮ್ಮವರು ಊಟಕ್ಕೆ ಎದ್ದು ಹೋಗಿದ್ದರು.

—

ಕೇಳಿದವನೇ ಬರೆಯುತ್ತಿದ್ದೇನೆ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ನಮ್ಮ ಬೀದಿಯ 11 ಮನೆಯ ಗೋಡೆಗಳ ಫೋಟೋ ಆಯ್ತು. ನಮ್ಮ ಅಡುಗೆಮನೆಯಲ್ಲಿ ಈಗಲೇ ಎರಡು ಬಿರುಕು ಇವೆ, ಅವನ್ನೂ ತೆಗೆದಿದ್ದೇನೆ.