ಗ್ರೈಂಡರ್ ಎಲ್ಲಿ ನಿಂತಿದೆ ಅಂದರೆ

ಪುಟ್ಟಿ, ಈಗ ತಾನೇ ನಿನ್ನ ಮೆಸೇಜ್ ನೋಡಿದೆ. ರಾತ್ರಿ ಹನ್ನೊಂದು ಗಂಟೆಗೆ ಹಾಕಿದ್ದೀಯ, ನಾನು ಒಂಬತ್ತಕ್ಕೇ ಮಲಗಿಬಿಡುತ್ತೇನೆ. ಟೈಪ್ ಮಾಡುವುದು ನನ್ನ ಕೈಲಿ ಆಗದ ಕೆಲಸ. ಮೈಕ್ ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಅಂತ ಮೊಮ್ಮಗ ತೋರಿಸಿಕೊಟ್ಟಿದ್ದಾನೆ. ಹಾಗಾಗಿ ಉದ್ದ ಆದರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ಏನಾದರೂ ಕಂಡರೆ ಅದು ಫೋನಿನದು, ನನ್ನದಲ್ಲ.

ಗೌರಿ ಹಬ್ಬಕ್ಕೆ ಆಗಲಿ ಅಂತ ನೀನು ಗ್ರೈಂಡರ್ ಆರ್ಡರ್ ಮಾಡಿದೆ, ನಾಲ್ಕು ದಿನದಲ್ಲಿ ಬರುತ್ತದೆ ಅಂದರು, ಇವತ್ತಿಗೆ ಹನ್ನೊಂದು ದಿನ. ಬೆಂಗಳೂರು ಬಿಟ್ಟಿತು ಅಂತ ತೋರಿಸಿತು, ಆಮೇಲೆ ಮೈಸೂರು ಅಂತು, ಆಮೇಲೆ ಮಂಡ್ಯ ಅಂತು. ಈಗ ಮೂರು ದಿನದಿಂದ ದಿನಾ ಸಾಯಂಕಾಲ 'ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಅಂತ ಬರುತ್ತಿದೆ. ನೀನು ನೋಡಿದರೆ ಮನೆ ಬಿಟ್ಟು ಅಲ್ಲಾಡಿಲ್ಲ. ಕ್ಯಾನ್ಸಲ್ ಮಾಡಲಾ ಮಾವ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ, ನೀವು, 'ಪೇಟೆ ಬೀದಿಗೆ ಹೋಗಿದ್ದರೆ ಅರ್ಧ ಗಂಟೆ ಕೆಲಸ' ಅಂತ ಬರೆದಿದ್ದೀರಿ. ಮಾತು ಸರಿ ಭಾವ. ಆದರೆ ಮಗು ದುಡ್ಡು ಕಟ್ಟಿ ಆಗಿದೆ, ಈಗ ಅದನ್ನು ಹೇಳಿದರೆ ಹೊಟ್ಟೆ ಉರಿಯುತ್ತದೆ ಅಷ್ಟೇ.

ಮೂವತ್ತನಾಲ್ಕು ವರ್ಷ ಇದೇ ಊರಿನ ಬೀದಿಗಳಲ್ಲಿ ಅಂಚೆ ಚೀಲ ಹೊತ್ತವನು ನಾನು. ಬೆಳಿಗ್ಗೆ ಸಾರ್ಟಿಂಗ್, ಆಮೇಲೆ ಬೀಟ್, ಅಂದರೆ ನನ್ನ ಪಾಲಿನ ಬೀದಿಗಳಲ್ಲಿ ಕಾಗದ ಹಂಚುವುದು. ಅದಕ್ಕೇ ಹೇಳುತ್ತೇನೆ ಕೇಳು, ನಿನ್ನ ಪಾರ್ಸಲ್ ದಾರಿಯಲ್ಲಿ ತಡ ಆಗಿಲ್ಲ. 2023ರ ಮಾರ್ಚ್‌ನಲ್ಲಿ ನಮ್ಮ ಗೆಜ್ಜಲಗೆರೆಯಲ್ಲೇ ಪ್ರಧಾನಿ ಬಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡಿದರಲ್ಲ, ಬೆಂಗಳೂರಿಂದ ಮೈಸೂರಿಗೆ 118 ಕಿಲೋಮೀಟರ್. ಆ ರಸ್ತೆಯಲ್ಲಿ ಲಾರಿಗೆ ಎಷ್ಟು ಹೊತ್ತು ಬೇಕು? ರಸ್ತೆ ಊರೊಳಗೆ ಬರುವುದೇ ಇಲ್ಲ, ಬೈಪಾಸ್‌ನಲ್ಲಿ ಹೋಗಿಬಿಡುತ್ತದೆ. ಅಂದರೆ ನಿನ್ನ ಗ್ರೈಂಡರ್ ಮೊದಲನೇ ದಿನವೇ ಮಂಡ್ಯದ ಪಕ್ಕದಲ್ಲೇ ಹಾದು, ನಿಮ್ಮ ಬೀದಿಯ ಕಡೆ ತಿರುಗಿಯೂ ನೋಡದೆ ಮೈಸೂರಿಗೆ ಹೋಗಿದೆ.

ಯಾಕೆ ಇಳಿಸಲಿಲ್ಲ ಅಂದರೆ, ಲಾರಿಯಲ್ಲಿ ಇರುವವನಿಗೆ ಒಳಗೆ ಯಾರ ಯಾರ ಸಾಮಾನು ಇದೆ ಅಂತ ಗೊತ್ತಿರುವುದಿಲ್ಲ. ನಮ್ಮ ಕಾಲದಲ್ಲೂ ಹಾಗೇ. ಒಂದು ಸಲ ಚೀಲದ ಬಾಯಿ ಕಟ್ಟಿ ಲೇಬಲ್ ಹಾಕಿದರೆ, ಆ ಲೇಬಲ್‌ನಲ್ಲಿ ಇರುವ ಊರಿಗೆ ಹೋಗುವ ತನಕ ಯಾರೂ ಬಿಚ್ಚುವ ಹಾಗಿಲ್ಲ. ಮಂಡ್ಯದ ಕಾಗದ ಮೈಸೂರಿನ ಚೀಲಕ್ಕೆ ಬಿದ್ದರೆ ಮೈಸೂರು ನೋಡಿಕೊಂಡೇ ಬರಬೇಕು. ಮಿಸ್‌ಸೆಂಟ್ ಅನ್ನುತ್ತಿದ್ದೆವು. ಇನ್ನೊಂದು ತಮಾಷೆ ಇದೆ. ಮಂಡ್ಯದ ಪಿನ್ 571401. ಮೊದಲ ಮೂರು ಅಂಕಿ 571 ಇದೆಯಲ್ಲ, ಅದು ನಮ್ಮೊಬ್ಬರದೇ ಅಲ್ಲ. ನಂಜನಗೂಡು, ಹುಣಸೂರು, ಚಾಮರಾಜನಗರ, ಅಷ್ಟೇ ಏಕೆ, ಮಡಿಕೇರಿಯೂ 571. ಮೂರು ಅಂಕಿ ನೋಡಿ ಎಸೆಯುವವನ ಕೈಯಲ್ಲಿ ನಾವೆಲ್ಲ ಒಂದೇ ಗುಡ್ಡೆ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಇಷ್ಟು ವರ್ಷ ಆದರೂ ಕೊನೆಯ ಮೂರು ಅಂಕಿಗೆ ಮರ್ಯಾದೆ ಕಡಿಮೆ. ನಿನ್ನದು ಹೀಗೇ ಆಯಿತೋ, ಅಥವಾ ಅವರು ಎಲ್ಲವನ್ನೂ ಮೈಸೂರಿನಲ್ಲೇ ವಿಂಗಡಿಸುತ್ತಾರೋ, ಎರಡರಲ್ಲಿ ಒಂದು. ಅದಕ್ಕೆ ನಾನು ಬೈಯುವುದಿಲ್ಲ.

ಕಬ್ಬಿನ ಗಾಡಿ ನೆನಪಿದೆಯಾ? ನೀನು ಚಿಕ್ಕವಳಿದ್ದಾಗ ತಾತನ ಜೊತೆ ಹೋಗುತ್ತಿದ್ದೆ. ಹಳ್ಳಿಯಿಂದ ಫ್ಯಾಕ್ಟರಿವರೆಗೆ ಬರುವುದಕ್ಕೆ ಎರಡು ಗಂಟೆ, ಗೇಟಿನ ಮುಂದೆ ಸಾಲಿನಲ್ಲಿ ಎರಡು ದಿನ. ಎತ್ತು ಅಲ್ಲೇ, ಊಟ ಅಲ್ಲೇ, ನಿದ್ದೆ ಗಾಡಿ ಕೆಳಗೆ. ಪಾರ್ಸಲ್ ಕಥೆಯೂ ಅದೇ. ಅದು ಓಡುವ ಹೊತ್ತು ಕಡಿಮೆ, ಶೆಡ್ಡಿನಲ್ಲಿ ಬಿದ್ದಿರುವ ಹೊತ್ತೇ ಜಾಸ್ತಿ. ಹಬ್ಬದ ಸೇಲ್ ಬಂದರೆ ಗುಡ್ಡೆ ಇನ್ನೂ ದೊಡ್ಡದು.

ಅದರ ಮೇಲೆ ನೀನು ತರಿಸಿದ್ದು ಗ್ರೈಂಡರ್. ಕಲ್ಲು ಸೇರಿ ಹತ್ತು ಹನ್ನೆರಡು ಕೆಜಿ ಆದರೂ ಇರುತ್ತದೆ. ಆ ಹುಡುಗ ಬರುವುದು ಬೈಕಿನಲ್ಲಿ, ಹಿಂದೆ ಮುಂದೆ ಚೀಲ. ನಮ್ಮ ಬೀದಿಗೆ ಬರುವವನನ್ನು ಮಾತಾಡಿಸಿದ್ದೇನೆ. ತಲುಪಿಸಿದ ಪಾರ್ಸಲ್‌ಗೆ ಇಷ್ಟು ಅಂತ ಲೆಕ್ಕ, ತಲುಪಿಸದಿದ್ದರೆ ಇಲ್ಲ. ನಿನ್ನ ಒಂದು ಡಬ್ಬ ಇಡುವ ಜಾಗದಲ್ಲಿ ಹದಿನೈದು ಚೂಡಿದಾರ ಹಿಡಿಸುತ್ತದೆ. ಅವನು ಯಾವುದನ್ನು ಮೊದಲು ಎತ್ತಿಕೊಳ್ಳುತ್ತಾನೆ, ನೀನೇ ಹೇಳು. ನಾನೂ ಎತ್ತಿಕೊಳ್ಳುತ್ತಿರಲಿಲ್ಲ.

ಇಲ್ಲಿವರೆಗೆ ನಾನು ಅವರ ಕಡೆಯೇ. ನನಗೆ ರೇಗುವುದು ಆ 'ಮನೆಯಲ್ಲಿ ಇರಲಿಲ್ಲ' ಅನ್ನುವ ಮಾತಿಗೆ. ನಾವೂ ಬರೆಯುತ್ತಿದ್ದೆವು ಕಣಮ್ಮ, 'ಡೋರ್ ಲಾಕ್ಡ್' ಅಂತ. ಆದರೆ ರಿಜಿಸ್ಟರ್ ಕಾಗದ ಆದರೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಬಿಟ್ಟು ಬರಬೇಕಿತ್ತು. ಬಂದಿದ್ದೆವು, ನೀವು ಸಿಗಲಿಲ್ಲ, ಏಳು ದಿನ ಆಫೀಸಿನಲ್ಲಿ ಇಟ್ಟಿರುತ್ತೇವೆ, ಬಂದು ತಗೊಳ್ಳಿ ಅಂತ. ಚೀಟಿ ಬಿಡದೆ ಹಾಗೆ ಬರೆದರೆ ಸಿಕ್ಕಿಬೀಳುತ್ತಿದ್ದೆವು. ಒಂದು ಸಲ ಮಳೆ ಅಂತ ನಾನೂ ಬರೆದಿದ್ದೆ, ಸುಳ್ಳು ಯಾಕೆ ಹೇಳಲಿ. ಆ ಮನೆಯ ಮೇಷ್ಟ್ರು ಮಾರನೇ ದಿನ ಪೋಸ್ಟ್ ಮಾಸ್ಟರ್ ಮುಂದೆ ಬಂದು, 'ಚೀಟಿ ಎಲ್ಲಿ?' ಅಂತ ಎರಡೇ ಮಾತು ಕೇಳಿದರು. ಆ ಅವಮಾನ ಇನ್ನೂ ಮರೆತಿಲ್ಲ. ಈಗ ಚೀಟಿ ಇಲ್ಲ, ಒಂದು ಬಟನ್ ಅಷ್ಟೇ. ಆ ಹುಡುಗನನ್ನೇ ಕೇಳಿದೆ, ಯಾಕಪ್ಪಾ ಹೀಗೆ ಹಾಕುತ್ತೀಯ ಅಂತ. 'ಅಂಕಲ್, ಟೈಮ್ ಸಾಲಲಿಲ್ಲ ಅನ್ನೋ ಬಟನ್ನೇ ಇಲ್ಲ' ಅಂದ. ಏನು ಹೇಳುತ್ತೀಯ ಇದಕ್ಕೆ?

ಆದರೂ ಇದನ್ನು ಸುಮ್ನೆ ಬಿಡಬೇಡ. ಸಾಮಾನ್ಯವಾಗಿ ಮೂರು ಸಲ ಹೀಗೆ ಬಿದ್ದರೆ ಸಾಮಾನು ವಾಪಸ್ ಹೋಗುತ್ತದೆ. ಹೋದ ಮೇಲೆ ದಾಖಲೆಯಲ್ಲಿ ತಪ್ಪು ನಿನ್ನದು, ಅವರದಲ್ಲ. ಅದಕ್ಕೇ ಈಗಲೇ ಕ್ಯಾನ್ಸಲ್ ಒತ್ತಬೇಡ. ಮೊದಲು ಆ ಮೂರೂ ದಿನದ ಸ್ಕ್ರೀನ್‌ಶಾಟ್ ತೆಗೆದಿಡು. ಆ ಹೊತ್ತಿಗೆ ನಿನ್ನ ಫೋನಿಗೆ ಒಂದೂ ಕಾಲ್ ಬಂದಿಲ್ಲ ಅಲ್ವಾ, ಆ ಕಾಲ್ ಪಟ್ಟಿಯದ್ದೂ ತೆಗಿ. ಆಮೇಲೆ ಅವರ ಆ್ಯಪ್‌ನಲ್ಲಿ ಕೆಳಗೆ ಎಲ್ಲೋ ಮೂಲೆಯಲ್ಲಿ ಕುಂದುಕೊರತೆ ಅಧಿಕಾರಿ ಅಂತ ಹೆಸರು ಇರುತ್ತದೆ. 2020ರ ಇ-ಕಾಮರ್ಸ್ ನಿಯಮದಲ್ಲಿ ಅದು ಇರಲೇಬೇಕು ಅಂತ ಇದೆ. ಚಾಟ್‌ನಲ್ಲಿ 'ಕ್ಷಮಿಸಿ, ತಾಳ್ಮೆಯಿಂದಿರಿ' ಅನ್ನುವ ಯಂತ್ರದ ಹತ್ತಿರ ಜಗಳ ಆಡಬೇಡ, ಇವರಿಗೆ ಬರಿ. 48 ಗಂಟೆಯಲ್ಲಿ ದೂರು ತಲುಪಿತು ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೂರಿನ ನಂಬರ್ ಕೇಳಿ ಇಸಕೋ. ಬರೆಯುವಾಗ 'ತಡ ಆಯಿತು' ಅಂತ ಅಲ್ಲ, 'ಬಾರದೆ ಬಂದೆವು ಅಂತ ಬರೆದಿದ್ದಾರೆ' ಅಂತ ಬರಿ. ತಡಕ್ಕೆ ನೂರು ನೆಪ ಇರುತ್ತವೆ, ಇದಕ್ಕೆ ಇಲ್ಲ.

ಅದಕ್ಕೂ ಬಗ್ಗದಿದ್ದರೆ 1915 ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಇನ್ನೂ ಮುಂದೆ ಅಂದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, ನೀನು ಇರುವ ಊರಿನಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಫೀಸೂ ಇಲ್ಲ. ಒಂದು ಗ್ರೈಂಡರ್‌ಗೆ ಅಲ್ಲಿಗೆ ಹೋಗು ಅಂತ ನಾನು ಹೇಳುತ್ತಿಲ್ಲ. ದಾರಿ ಇದೆ ಅಂತ ಗೊತ್ತಿರಲಿ.

ಇನ್ನೊಂದು ಮುಖ್ಯ ವಿಷಯ, ಇದು ಅಕ್ಕನಿಗೂ ಸೇರಿಸಿ. 'ವಿಳಾಸ ಸರಿ ಇಲ್ಲ, ನಿಮ್ಮ ಪಾರ್ಸಲ್ ನಿಂತಿದೆ, ಈ ಲಿಂಕ್ ಒತ್ತಿ 25 ರೂಪಾಯಿ ಕಟ್ಟಿ' ಅಂತ ಮೆಸೇಜ್ ಬರುತ್ತದೆ. ಅಂಚೆ ಇಲಾಖೆಯ ಹೆಸರಲ್ಲೂ ಬರುತ್ತದೆ. ಅದು ಮೋಸ. ಸಾವಿರ ಜನಕ್ಕೆ ಸುಮ್ನೆ ಎಸೆಯುತ್ತಾರೆ, ನಿನ್ನ ಹಾಗೆ ಕಾಯುತ್ತಾ ಕೂತವರು ತಾವಾಗಿಯೇ ಬೀಳುತ್ತಾರೆ. 25 ರೂಪಾಯಿ ತಾನೇ ಅಂತ ಕಾರ್ಡ್ ನಂಬರ್ ಹಾಕಿದರೆ ಖಾತೆ ಗುಡಿಸಿಕೊಂಡು ಹೋಗುತ್ತಾರೆ. ಮೊನ್ನೆ ನಮ್ಮ ಮನೆಯಲ್ಲೇ ಇವಳು ಒತ್ತುವುದರಲ್ಲಿದ್ದಳು, ನಾನು ಕೂಗಿದ್ದಕ್ಕೆ ಕಾಫಿ ಲೋಟ ಕೆಳಗೆ ಬಿತ್ತು. ಅಕಸ್ಮಾತ್ ದುಡ್ಡು ಹೋದರೆ ಅಳುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ವಿಳಾಸ ಅಂದಾಗ ನೆನಪಾಯಿತು. ನೀನು ಕಳಿಸಿದ ಚಿತ್ರದಲ್ಲಿ ನೋಡಿದೆ, ಮನೆ ನಂಬರ್ ಹಳೆಯದು ಹಾಕಿದ್ದೀಯ, ಗೇಟಿನ ಮೇಲೆ ಇರುವುದು ಹೊಸದು. ಅದನ್ನು ಸರಿ ಮಾಡು. 'ಮಾರಮ್ಮನ ಗುಡಿ ಹಿಂದೆ, ಹಸಿರು ಗೇಟು' ಅಂತಲೂ ಸೇರಿಸು. ನಾನು ಇಪ್ಪತ್ತು ವರ್ಷ ಒಂದೇ ಬೀಟ್ ಮಾಡಿದವನು, ಹೆಸರು ಕೇಳಿದರೆ ಮನೆ ಹೇಳುತ್ತಿದ್ದೆ. ಆ ಹುಡುಗರು ಎರಡು ತಿಂಗಳಿಗೊಬ್ಬರು ಬದಲಾಗುತ್ತಾರೆ.

ಮತ್ತೆ ನಾಳೆ ಬೆಳಿಗ್ಗೆ ಎಂಟೂವರೆಗೆ ನಾನೇ ಅವರ ಶೆಡ್ಡಿಗೆ ಹೋಗುತ್ತೇನೆ, ಹುಡುಗರು ಚೀಲ ತುಂಬಿಕೊಳ್ಳುವ ಹೊತ್ತಿಗೆ. ಸ್ಕೂಟರ್ ಮುಂದೆ ಗ್ರೈಂಡರ್ ಆರಾಮಾಗಿ ಕೂರುತ್ತದೆ. ಅಲ್ಲೇ ಕೊಡುತ್ತಾರೋ ಇಲ್ಲವೋ, ಕೇಳಿ ನೋಡೋಣ. ಟ್ರ್ಯಾಕಿಂಗ್ ನಂಬರ್ ನನಗೊಬ್ಬನಿಗೇ ಕಳಿಸು. ಓಟಿಪಿ ಬಂದರೆ ಈ ಗುಂಪಿಗೆ ಹಾಕಬೇಡ, ನಾನು ಅಲ್ಲಿ ನಿಂತುಕೊಂಡು ಫೋನ್ ಮಾಡುತ್ತೇನೆ, ಆಗ ಹೇಳು. ಮತ್ತೆ ಅಕ್ಕಿ ಇವತ್ತೇ ನೆನೆಹಾಕಿಬಿಡಬೇಡ.