ಸಹಾಯ ಬೇಕು: ಅಮ್ಮನ ಹೊಟ್ಟೆ ನೀರಿನ ರಿಪೋರ್ಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 58 ವರ್ಷ. ಎರಡು ತಿಂಗಳಿಂದ ಹೊಟ್ಟೆ ಊದಿಕೊಂಡಿದೆ, ಊಟ ಸೇರುತ್ತಿಲ್ಲ, ಸಂಜೆಯಾದರೆ ಸಣ್ಣಗೆ ಜ್ವರ. ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ನೀರು ತುಂಬಿದೆ ಅಂತ ಬಂತು. ರಕ್ತದಲ್ಲಿ ಸಿಎ-125 ಅನ್ನೋ ಪ್ರೋಟೀನ್ (ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಏರುವಂಥದ್ದು) 410 ಇದೆ. ಅದು 35ರ ಒಳಗಿರಬೇಕು. ರಿಪೋರ್ಟ್ ನೋಡಿದವರೆಲ್ಲ ಅಂಡಾಶಯದ ಕ್ಯಾನ್ಸರ್ ಅಂತಲೇ ಮಾತಾಡುತ್ತಿದ್ದಾರೆ. ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ.

ಆದರೆ ಹೊಟ್ಟೆಯ ನೀರು ತೆಗೆದು ನೋಡಿದಾಗ ಕ್ಯಾನ್ಸರ್ ಜೀವಕೋಶ ಸಿಗಲಿಲ್ಲ. ಅದೇ ನೀರಿನಲ್ಲಿ ಸಿಇಎ (ಕೆಲವು ಕ್ಯಾನ್ಸರ್‌ಗಳಲ್ಲಿ ಏರುವ ಪ್ರೋಟೀನ್) ಕಡಿಮೆ ಇದೆ, ಎಡಿಎ (ಟಿಬಿಯಲ್ಲಿ ಏರುವ ಕಿಣ್ವ) ಮಾತ್ರ 62. ಎಡಿಎ ಸುಮಾರು 40 ದಾಟಿದರೆ ಟಿಬಿ ಅನುಮಾನ ಜಾಸ್ತಿ, ಅಲ್ವಾ? ಹೊಟ್ಟೆಯ ಟಿಬಿಯಲ್ಲೂ, ಲಿವರ್ ಸಿರೋಸಿಸ್‌ನಲ್ಲೂ ಸಿಎ-125 ಏರುತ್ತದೆ. ಆ ಒಂದೇ ನಂಬರ್ ನೋಡಿ ದೊಡ್ಡ ಆಪರೇಷನ್‌ಗೆ ಒಪ್ಪಲು ಮನಸ್ಸು ಬರುತ್ತಿಲ್ಲ. ಜೀವಕೋಶ ಸಿಗಲಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ, ಅದೇ ಹೆದರಿಕೆ.

ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವುದು) ಚೂರು ತೆಗೆದು ಬಯಾಪ್ಸಿ ಮಾಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು? ನಾವು ದಾವಣಗೆರೆಯವರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನೇರವಾಗಿ ಹೋದರೆ ನೋಡುತ್ತಾರಾ, ಇಲ್ಲಿಯ ಡಾಕ್ಟರ್ ಚೀಟಿ ಬೇಕಾ? ಹೊಟ್ಟೆ ನೀರು ಪರೀಕ್ಷೆ ಮಾಡಿದ ಗಾಜಿನ ಸ್ಲೈಡ್‌ಗಳನ್ನೂ ಜೊತೆಗೆ ತಗೊಂಡು ಹೋಗಬೇಕಾ? ಸೋಮವಾರ ಹೊರಡಬೇಕು ಅಂದುಕೊಂಡಿದ್ದೇವೆ. ಗೊತ್ತಿದ್ದವರು ದಯವಿಟ್ಟು ಅದಕ್ಕೂ ಮುಂಚೆ ತಿಳಿಸಿ.